ಪುರುಷರತ್ನದ ಬೇರು ತರುವಾಗ

ಮೊನ್ನೆ ದಾವಣಗೆರೆಯ ಮಂಡಿಪೇಟೆಯಲ್ಲಿ ನಾರುಬೇರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಒಣಶುಂಠಿ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಪಕ್ಕದ ಗೋಣಿಚೀಲದ ಬಾಯಿ ಬಿಚ್ಚಿದರು. ಒಣಹುಲ್ಲು, ಮಣ್ಣು, ನಡುವೆ ತುಸು ಸಿಹಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಪುರುಷರತ್ನ. ಈ ವಯಸ್ಸಿನಲ್ಲೂ ಒಂದು ಗಿಡಕ್ಕೆ ಹೆದರುತ್ತೇನೆ ಎಂದರೆ ಮನೆಯವರು ನಗುತ್ತಾರೆ. ನಗಲಿ.

ನೋಡಿದರೆ ಹೆದರುವಂಥದ್ದೇನಲ್ಲ. ಗೇಣುದ್ದದ ಗಿಡ, ಹೊಲದ ಬದುವಿನ ಹುಲ್ಲಿನಲ್ಲಿ ಅಡಗಿಕೊಂಡಿರುತ್ತದೆ. ಹೂವಿಗೆ ಒಂದೇ ಎಸಳು ಎನ್ನಬೇಕು, ತಿಳಿ ನೇರಳೆ, ಕೂಸಿನ ನಾಲಿಗೆಯಷ್ಟು. ಉಳಿದ ಎಸಳುಗಳು ಕಣ್ಣಿಗೇ ಬೀಳುವುದಿಲ್ಲ. ವಯೋಲೆಟ್ ಹೂವಿನ ಬಳಗದ್ದು ಎಂದು ದೊಡ್ಡವಳಾದ ಮೇಲೆ ಓದಿ ತಿಳಿದೆ. ಕಾಯಿ ಒಣಗಿದರೆ ಮೂರು ಹೋಳಾಗಿ ಸಿಡಿದು ಬೀಜ ಎಲ್ಲೆಲ್ಲೋ ಹಾರುತ್ತದೆ. ಪಿ.ಜೆ. ಬಡಾವಣೆಯ ನಮ್ಮ ಮನೆಯ ತಾರಸಿಯಲ್ಲಿ ಎರೆಮಣ್ಣಿಗೆ ಮರಳು ಬೆರೆಸಿ ಬಿತ್ತಿ ನೋಡಿದೆ, ಮೊಳಕೆಯೇ ಬರಲಿಲ್ಲ. ಕರೆದಲ್ಲಿಗೆ ಬರುವ ಜಾತಿಯಲ್ಲ ಅದು.

ಹರಿಹರದಲ್ಲಿ ಹೊಳೆಗೆ ಹತ್ತಿರವಿದ್ದ ನಮ್ಮ ಹಳೆ ಮನೆಯಲ್ಲಿ ಅಜ್ಜಿ ಅದರ ಬೇರನ್ನು ಹಾಲಿನಲ್ಲಿ ತೇಯ್ದು ಬಸುರಿ, ಬಾಣಂತಿಯರಿಗೆ ಕುಡಿಸುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥ ಅಜ್ಜಿಯೊಬ್ಬರು ಇದ್ದಿರಬಹುದು. ಆ ವರ್ಷ ಅಪ್ಪನ ತಂಗಿ ಗಿರಿಜತ್ತೆ ತವರಿಗೆ ಬಂದಿದ್ದಳು. ಅವಳಿಗೆ ಎರಡು ಸಲ ಬಸುರು ನಿಂತಿರಲಿಲ್ಲ, ಇದು ಮೂರನೆಯದು. ಮನೆಯಲ್ಲಿ ಯಾರೂ ಜೋರಾಗಿ ಹೆಜ್ಜೆ ಇಡುತ್ತಿರಲಿಲ್ಲ. ಅತ್ತೆ ಹಿತ್ತಲಿನಿಂದ ಬರುವುದು ತುಸು ತಡವಾದರೆ ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನನಗೆ ಆಗ ಏಳೋ ಎಂಟೋ ವರ್ಷ; ಏನೆಂದು ಪೂರ್ತಿ ತಿಳಿಯದಿದ್ದರೂ ಹೆದರಿದ್ದೆ.

ಬೇರು ತರುವುದಕ್ಕೆ ಕಟ್ಟುಪಾಡಿತ್ತು. ಹಿಂದಿನ ದಿನವೇ ಗಿಡಕ್ಕೆ ಅರಿಸಿನದ ದಾರ ಕಟ್ಟಿ, ಯಾರಿಗಾಗಿ ಎಂದು ಹೇಳಿ ಬರಬೇಕು. ಮರುದಿನ ನಮ್ಮ ನೆರಳು ಬೀಳದಂತೆ ಕೂತು ಕೀಳಬೇಕು. ಕಿತ್ತ ಮೇಲೆ ಮನೆಯ ಹೊಸ್ತಿಲು ದಾಟುವವರೆಗೆ ತುಟಿ ಬಿಚ್ಚಬಾರದು. ಬಿಚ್ಚಿದರೆ ಬೇರು ಬರೀ ಕಡ್ಡಿ. ಒಂದು ಬಸುರಿಗೆ ಒಂದೇ ಸಲ ಗಿಡವನ್ನು ಕೇಳಬಹುದು. ಜೊತೆಗೆ ಹೊರಟ ನನ್ನ ಬಾಯಿಗೂ ಬೀಗ ಬಿತ್ತು.

ಅಜ್ಜಿ ಬೇರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ಬರುತ್ತಿದ್ದರು, ನಾನು ಮುಂದೆ. ಹೊಳೆದಂಡೆಯಲ್ಲಿ ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತಿತ್ತು. ಮೊಣಕಾಲುದ್ದ ಇದ್ದೀತು ಎಂದು ಒಂದರಲ್ಲಿ ಕಾಲಿಟ್ಟೆ. ನೆಲವೇ ಸಿಗಲಿಲ್ಲ. ನೀರು ಗದ್ದಕ್ಕೆ ಬಂತು, ಅಂಚಿನ ಮರಳು ಹಿಡಿದಷ್ಟೂ ಕುಸಿಯಿತು. ಆಗಲೂ ನಾನು ಕೂಗಲಿಲ್ಲ. ಕೂಗಿದರೆ ಅತ್ತೆಯ ಕೂಸು ಹೋಗುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಅಜ್ಜಿ ದಂಡೆಯ ಮೇಲಿಂದ ಕೈ ಚಾಚಿದರು, ಎಟುಕಲಿಲ್ಲ. ಒಂದು ಗಳಿಗೆ ನನ್ನನ್ನೇ ನೋಡಿದರು.

“ಯಾರರ ಬರ್ರಪ್ಪೋ, ಕೂಸು ಮುಳುಗ್ತೈತೆ!”

ದೂರದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರೊಬ್ಬರು ಓಡಿಬಂದು ಜಡೆ ಹಿಡಿದು ನನ್ನನ್ನು ಎಳೆದು ಹಾಕಿದರು. ಅಜ್ಜಿ ನನ್ನ ಮುಖ ಒರೆಸಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೇರನ್ನು ಸ್ವಲ್ಪ ಹೊತ್ತು ನೋಡಿ, ಹೊಳೆಗೆ ಬಿಟ್ಟರು.

ಅತ್ತೆ ಹಾಲು ಬೆಚ್ಚಗೆ ಮಾಡಿಕೊಂಡು ಬಾಗಿಲಲ್ಲೇ ಕಾದಿದ್ದಳು. ಗಿಡವನ್ನು ದನ ಮೇದುಬಿಟ್ಟಿದೆ, ಇವಳು ದಂಡೆಯಲ್ಲಿ ಜಾರಿ ಬಿದ್ದಳು ಎಂದರು ಅಜ್ಜಿ. ಅತ್ತೆ ಏನೂ ಕೇಳದೆ ಆ ಹಾಲನ್ನು ನನಗೆ ಕುಡಿಸಿದಳು. ಅಂದಿನಿಂದ ಅವಳು ಸೊಂಟ ಹಿಡಿದು ಕೂತಳೆಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮಳೆಗಾಲ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಬಾಡಿಗೆ ಕಾರು ಬಂತು. ದಾವಣಗೆರೆಯ ಆಸ್ಪತ್ರೆಯಿಂದ ಅತ್ತೆ ಬರಿಗೈಲಿ ಮರಳಿದಳು. ಮುಂದೆ ಅವಳಿಗೆ ಮಕ್ಕಳಾಗಲಿಲ್ಲ. ಬೇರು ತಂದಿದ್ದರೂ ಕೂಸು ಉಳಿಯುತ್ತಿರಲಿಲ್ಲ ಎಂದು ಬುದ್ಧಿ ಹೇಳುತ್ತದೆ. ಬುದ್ಧಿಯ ಮಾತನ್ನು ಭಯ ಎಲ್ಲಿ ಕೇಳುತ್ತದೆ?

ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಬಾತಿ ಊರಿನ ತನ್ನ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಅತ್ತೆ ತಾನಾಗಿಯೇ ಆ ಮಾತು ತೆಗೆದಳು.

“ಅವತ್ತು ಅವ್ವನ ದನಿ ಬಿದ್ದೋಗಿತ್ತು. ದಾರ್‍ಯಾಗೆ ಕೂಗಿದಾಳೆ ಅಂತ ಆಗ್ಲೇ ಗೊತ್ತಾತು. ನೀನು ಮುಳುಗ್ತಿದ್ರೂ ಕೂಗದೆ ಬೇರು ತಂದಿದ್ರೆ ಆ ಹಾಲು ನನ್ ಗಂಟ್ಲಾಗೆ ಇಳೀತಿತ್ತೇನೆ?”

ನನಗೆ ಅಳು ಬಂತು. ಅವಳು ಅವರೆಕಾಯಿಯ ಮೊರವನ್ನು ನನ್ನತ್ತ ಸರಿಸಿದಳು, ಇಬ್ಬರೂ ಸುಲಿದೆವು. ಅತ್ತೆಯೂ ಈಗಿಲ್ಲ. ಹರಿಹರದ ಆ ಹಳೆ ಮನೆಯವರಲ್ಲಿ ಉಳಿದವಳು ನಾನೊಬ್ಬಳೇ.