ಲುಟ್‌ಗಾರ್ಡ್ ಬರೆಯದ ಕಾರಣ

ಮೆಖೆಲೆನ್ ಊರಿನ ನಮ್ಮ ಐರೋಪ್ಯ ಅಧ್ಯಯನ ಸಂಸ್ಥೆಯಲ್ಲಿ ಪ್ರತಿ ಮೇ ತಿಂಗಳು ಒಂದು ಬಹುಮಾನ ಹುಟ್ಟುತ್ತದೆ. ಐರೋಪ್ಯ ಕಾನೂನು ಮತ್ತು ರಾಜಕೀಯದ ಬಗ್ಗೆ ವಿದ್ಯಾರ್ಥಿಗಳು ಬರೆದ ಪ್ರಬಂಧಗಳಲ್ಲಿ ಅತ್ಯುತ್ತಮವಾದದ್ದಕ್ಕೆ ಎಂದು ಪ್ರಕಟಣೆ ಹೇಳುತ್ತದೆ. ಹೆರಿಗೆ ಮಾಡಿಸುವವಳು ಕಾರ್ಯದರ್ಶಿ ಲುಟ್‌ಗಾರ್ಡ್ ಪೀಟರ್ಸ್. ಹೆಸರಿಡುವವರು ಪ್ರೊಫೆಸರುಗಳು.

ಲುಟ್‌ಗಾರ್ಡ್‌ಗೆ ಅರವತ್ತನಾಲ್ಕು. ನನ್ನ ಹಾಗೆ ಅವಳೂ ಸಿಸ್ಟರುಗಳ ಶಾಲೆಯಲ್ಲಿ ಓದಿದವಳು, ಅಂದರೆ ಅಕ್ಷರ ನೆಟ್ಟಗೆ, ಬೆನ್ನು ನೆಟ್ಟಗೆ, ಸಿಟ್ಟು ಮಾತ್ರ ಮಡಚಿ ಒಳಗೆ. ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ ಇಷ್ಟು: ಪ್ರಬಂಧಗಳ ಮುಖಪುಟ ಕಿತ್ತು, ಅಜ್ಜಿಗೂ ಬೆಕ್ಕಿಗೂ ಕೃತಜ್ಞತೆ ಹೇಳಿದ ಪುಟ ತೆಗೆದು, ಬರೆದವರು ಯಾರೆಂದು ತಿಳಿಯದ ಹಾಗೆ ನಂಬರ್ ಹಾಕುವುದು. ಓದುವುದು ಅವಳ ಕೆಲಸವಲ್ಲ. ಆದರೂ ಲೀರ್ ಊರಿನ ತನ್ನ ಮನೆಗೆ ಹೋಗುವ ರೈಲಿನಲ್ಲಿ ಪ್ರತಿಯೊಂದನ್ನೂ ಓದುತ್ತಾಳೆ. ಏಕೆಂದರೆ ಆಯ್ಕೆಯ ಕಾರಣವನ್ನು ನಡಾವಳಿಯಲ್ಲಿ ಬರೆಯಬೇಕೆಂಬ ನಿಯಮವಿದೆ, ಮತ್ತು ಆಯ್ಕೆ ಮುಗಿದ ಕೂಡಲೇ ಪ್ರೊಫೆಸರುಗಳು ಕೋಟು ಹಾಕಿಕೊಳ್ಳುತ್ತಾ, "ಲುಟ್‌ಗಾರ್ಡ್, ಕಾರಣ ನೀವೇ ಚೆನ್ನಾಗಿ ಬರೆದುಬಿಡಿ" ಎನ್ನುತ್ತಾರೆ.

ಅವರಾದರೂ ಏನು ಓದುತ್ತಾರೆ? ಅಡಿಟಿಪ್ಪಣಿ. ಅಡಿಯಲ್ಲೇ ತಲೆಯಿಟ್ಟವರು ಮುಡಿಯತ್ತ ಬರುವುದಿಲ್ಲ. ತಮ್ಮ ಹೆಸರು ಎಷ್ಟು ಸಲ ಬಂದಿದೆ, ಎದುರಿಗೆ ಕೂತವರದ್ದು ಎಷ್ಟು ಸಲ ಬಂದಿದೆ ಎಂದು ಬೆರಳಿಟ್ಟು ಹುಡುಕಿ, ಯಾರ ಶಿಷ್ಯ ಯಾರು ಎಂದು ಪತ್ತೆ ಹಚ್ಚುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಇನ್ನೊಬ್ಬರ ಶಿಷ್ಯನನ್ನು ಕೊನೆಯ ಸ್ಥಾನಕ್ಕೆ ತಳ್ಳುತ್ತಾರೆ. ಎಲ್ಲರನ್ನೂ ಎರಡೆರಡು ಸಲ ಮರ್ಯಾದೆಯಿಂದ ಹೆಸರಿಸಿದ ಯಾವುದೋ ಸಪ್ಪೆ ಪ್ರಬಂಧ ನಡುವಿನಿಂದ ಮೇಲೆದ್ದು ಬಹುಮಾನ ಪಡೆಯುತ್ತದೆ. ಆ ಸಪ್ಪೆಗೆ ಹದಿನೆಂಟು ಸಲ ಒಗ್ಗರಣೆ ಹಾಕಿದವಳು ಲುಟ್‌ಗಾರ್ಡ್.

ಈ ಜೂನ್‌ಗೆ ಅವಳ ನಿವೃತ್ತಿ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಾನು ಕೆಲಸ ಮಾಡುವ ಸಂಸ್ಥೆಯ ಗ್ರಂಥಾಲಯಕ್ಕೆ ಬಂದು ನನ್ನ ಮೇಜಿನ ಮೇಲೆ ಏಳನೇ ನಂಬರಿನ ಪ್ರಬಂಧವನ್ನು ಕುಕ್ಕಿದಳು.

"ಓದೇ ಇದನ್ನ. ನಿನ್ನೆ ಇಳಿಯೋ ಸ್ಟೇಷನ್ನೇ ಬಿಟ್ಟುಬಿಟ್ಟೆ."

ಗಡಿಯಾಚೆ ಚಿಕಿತ್ಸೆ ಪಡೆದ ರೋಗಿಗೆ ಖರ್ಚು ವಾಪಸ್ ಸಿಗಬೇಕು ಎಂದು ಐರೋಪ್ಯ ನ್ಯಾಯಾಲಯ ಎಂದೋ ಹೇಳಿಯಾಗಿದೆ. ಪ್ರಬಂಧ ಬರೆದ ಹುಡುಗಿ ಗಡಿಯ ಹಳ್ಳಿಗಳಲ್ಲಿ ಸೈಕಲ್ ತುಳಿದು, ನಲವತ್ತು ಮುದುಕ ಮುದುಕಿಯರ ಅಡುಗೆಮನೆಯಲ್ಲಿ ಕೂತು, ನಿಮಗೆ ಸಿಕ್ಕಿತಾ ಎಂದು ಕೇಳಿದ್ದಳು. ಮೂವರಿಗೆ ಸಿಕ್ಕಿತ್ತು. ಉಳಿದವರು ಕಚೇರಿಯ ಯಾವ ಕಿಟಕಿಯಲ್ಲಿ ಯಾವ ಫಾರಂ ಕೇಳಬೇಕೆಂದು ತಿಳಿಯದೆ ಸುಮ್ಮನಾಗಿದ್ದರು. ತೀರ್ಪಿಗೂ ಕಿಟಕಿಗೂ ನಡುವೆ ಕಾನೂನು ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಅವಳು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದಳು.

"ಹೋಗೋ ಮುಂಚೆ ಒಂದೇ ಒಂದ್ಸಲ ಸರಿಯಾದವರಿಗೆ ಸಿಗಲಿ ಕಣೇ," ಎಂದಳು ಲುಟ್‌ಗಾರ್ಡ್. "ಜಾಸ್ತಿ ಕೇಳ್ತಿದೀನಾ?"

ಬಹುಮಾನದ ತೀರ್ಪಿನ ದಿನ ನಾನೂ ಕೋಣೆಯಲ್ಲಿದ್ದೆ. ತೀರ್ಪುಗಾರರಿಗೆ ಬೇಕಾದ ಪುಸ್ತಕ ತಂದುಕೊಡಲು ಗ್ರಂಥಾಲಯದವರೊಬ್ಬರು ಇರಬೇಕು. ಇದುವರೆಗೆ ಯಾರೂ ಒಂದನ್ನೂ ಕೇಳಿಲ್ಲ. ಮಾರನೆಯ ದಿನದಿಂದ ಯೇಸುವಿನ ಸ್ವರ್ಗಾರೋಹಣದ ಹಬ್ಬದ ನಾಲ್ಕು ದಿನ ರಜೆ. ಮೂವರು ತೀರ್ಪುಗಾರರ ಸೂಟ್‌ಕೇಸುಗಳೂ ಬಾಗಿಲ ಬಳಿ ತಯಾರಾಗಿ ನಿಂತಿದ್ದವು.

"ಏಳನೇ ನಂಬರಲ್ಲಿ ನನ್ನ ಹೆಸರೇ ಇಲ್ಲ," ಎಂದರು ಅಧ್ಯಕ್ಷ ಡೆ ರಿಡರ್. "ಮೇಡಂ, ಇದು ನಿಮ್ಮ ಶಿಷ್ಯರದ್ದೇ."

"ನನ್ನದೂ ಇಲ್ಲ ಸ್ವಾಮಿ!" ಲೀಯೇಜ್‌ನಿಂದ ಬಂದಿದ್ದ ದೆಲ್ವೋ ಮೇಡಂ ಕನ್ನಡಕ ತೆಗೆದರು. "ನಮ್ಮ ಡಚ್ ಮಿತ್ರರ ಕೈವಾಡ. ಬೇಕಂತಲೇ ಹೆಸರು ಮುಚ್ಚಿಟ್ಟಿದಾರೆ."

"ನಾನಾ? ನನ್ನ ಶಿಷ್ಯರು ನನ್ನ ಹೆಸರು ಹಾಕದೆ ಪಾಸಾಗಲ್ಲ," ಎಂದರು ಉಟ್ರೆಕ್ಟ್‌ನ ಹೂಗ್‌ಲ್ಯಾಂಡ್, ಚೀಸ್ ಕ್ರೋಕೆಟ್ ಕಚ್ಚುತ್ತಾ. "ಮುದುಕರ ಜೊತೆ ಕಾಫಿ ಕುಡಿದರೆ ಸಂಶೋಧನೇನಾ?"

ಯಾರಿಗೂ ಸೇರದ ಏಳನೇ ನಂಬರ್ ಮೂವರ ಪಟ್ಟಿಯಲ್ಲೂ ಕೊನೆಗೆ ಹೋಯಿತು. ಮೂವರನ್ನೂ ಎರಡೆರಡು ಸಲ ಹೆಸರಿಸಿದ್ದ ಮೂರನೇ ನಂಬರ್ ಗೆದ್ದಿತು. ಡೆ ರಿಡರ್ ಕೋಟಿನ ತೋಳಿಗೆ ಕೈ ತೂರಿಸಿದರು.

"ಕಾರಣ ನೀವೇ ಬರೆದುಬಿಡಿ, ಲುಟ್‌ಗಾರ್ಡ್."

"ಇಲ್ಲ ಪ್ರೊಫೆಸರ್."

ಕೋಟು ಒಂದೇ ತೋಳಿನಲ್ಲಿ ನಿಂತಿತು.

"ಕಾರಣವನ್ನ ತೀರ್ಪುಗಾರರು ಕೊಡಬೇಕು ಅಂತಿದೆ ನಿಯಮದಲ್ಲಿ," ಎಂದು ಲುಟ್‌ಗಾರ್ಡ್ ಮೂವರ ಮುಂದೆಯೂ ಒಂದೊಂದು ಬಿಳಿ ಹಾಳೆ ಇಟ್ಟಳು. "ಮೂರನೇ ನಂಬರ್ ಏನು ಹೇಳುತ್ತೆ, ಒಂದೇ ವಾಕ್ಯ ಬರೆದುಕೊಡಿ ಸಾಕು. ಕಾರಣ ಇಲ್ಲದ ನಡಾವಳಿಗೆ ನಾನು ಸಹಿ ಹಾಕಲ್ಲ. ನನ್ನ ಸಹಿ ಇಲ್ಲದೆ ಬಹುಮಾನ ಇಲ್ಲ."

"ಏನ್ರೀ ಇದು, ಪರೀಕ್ಷೆನಾ?" ಎಂದರು ಹೂಗ್‌ಲ್ಯಾಂಡ್.

"ನನ್ನ ರೈಲು ನಾಲ್ಕೂ ಹತ್ತಕ್ಕೆ!" ಎಂದರು ದೆಲ್ವೋ ಮೇಡಂ.

"ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಬೇಕು ಮೇಡಂ?"

ಹೂಗ್‌ಲ್ಯಾಂಡ್ 'ಈ ಪ್ರಬಂಧವು' ಎಂದು ಬರೆದು ಪೆನ್ನು ಕಚ್ಚಿದರು. ದೆಲ್ವೋ ಮೇಡಂ ಮೂರನೇ ನಂಬರಿನ ಪರಿವಿಡಿ ತೆರೆಯಲು ಹೋದರು. ಲುಟ್‌ಗಾರ್ಡ್ ಮೆಲ್ಲನೆ ಅದನ್ನು ಎಳೆದುಕೊಂಡಳು. ಡೆ ರಿಡರ್ ನನ್ನ ಕಡೆ ನೋಡಿದರು. ನಾನು ಗ್ರಂಥಾಲಯದವಳ ಮುಖ ಮಾಡಿಕೊಂಡು ಕೂತೆ.

ಹತ್ತು ನಿಮಿಷ ಕಳೆದ ಮೇಲೆ ಡೆ ರಿಡರ್ ಅವರೇ ಸೋತ ದನಿಯಲ್ಲಿ ಕೇಳಿದರು: "ನೀವು ಯಾವುದಕ್ಕೆ ಬರೀತೀರಿ ಹೇಳಿ."

"ಏಳಕ್ಕೆ ಬರೆದಾಗಿದೆ. ಎರಡು ಪುಟ." ಚೀಲದಿಂದ ತೆಗೆದಳು.

ಮೂವರೂ ಅದನ್ನು ಓದಿದರು. ಬಹುಶಃ ಆ ದಿನ ಅವರು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅದೊಂದನ್ನೇ. ದೆಲ್ವೋ ಮೇಡಂ ಗಡಿಯಾರ ನೋಡಿ ಮೊದಲು ಸಹಿ ಹಾಕಿದರು, ಹಿಂದೆಯೇ ಉಳಿದಿಬ್ಬರೂ ಹಾಕಿದರು; ಬಹುಮಾನ ಏಳಕ್ಕೆ ಹೋಯಿತು. ಹೂಗ್‌ಲ್ಯಾಂಡ್ ಮಾತ್ರ ಏಳನೇ ನಂಬರನ್ನು ಕೈಗೆತ್ತಿಕೊಂಡು, "ಇದನ್ನ ರೈಲಲ್ಲಿ ಓದ್ಲಾ?" ಎಂದು ಕೇಳಿದರು. ಲುಟ್‌ಗಾರ್ಡ್ ದಾರಿ ಬಿಟ್ಟಳು.

ಜೂನ್‌ನ ಸಮಾರಂಭದಲ್ಲಿ ಯೋರಿಂಡ ಕ್ಲಾಯ್ಸ್ ಎಂಬ ಆ ಹುಡುಗಿ ಕೆಂಪಗಾಗಿ ವೇದಿಕೆ ಹತ್ತಿದಳು. ತನ್ನ ಕೆಲಸವನ್ನು ಇಷ್ಟು ಗಮನವಿಟ್ಟು ಓದಿದ ಪ್ರೊಫೆಸರುಗಳಿಗೆ ವಂದನೆ ಹೇಳಿದಳು. ಡೆ ರಿಡರ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಆಯ್ಕೆಯ ಕಾರಣವನ್ನು ತಮ್ಮದೇ ಎಂಬಂತೆ ಓದತೊಡಗಿದರು.

ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಲುಟ್‌ಗಾರ್ಡ್ ತುಟಿ ಆಡಿಸುತ್ತಾ ಜೊತೆಗೇ ಹೇಳಿಕೊಳ್ಳುತ್ತಿದ್ದಳು. ತಟ್ಟನೆ ನನ್ನ ತೋಳು ಹಿಡಿದಳು.

"ನೋಡೇ, ಮೂರನೇ ವಾಕ್ಯ ಹಾರಿಸಿಬಿಟ್ಟ, ಕತ್ತೆ! ಎಲ್ಲಕ್ಕಿಂತ ಮುಖ್ಯವಾದದ್ದೇ ಅದು."