ದಾವೂದ್ ಸಾಬರ ಎರಡು ಸೆಟ್ಟು

ನ್ಯಾಮತಿ ಬಸ್ ನಿಲ್ದಾಣದ ಪಕ್ಕ ಛತ್ರಿ ರಿಪೇರಿಗೆ ಕೂರುವ ದಾವೂದ್ ಸಾಬರು ಒಂದು ಕಾಲಕ್ಕೆ ನಗೆಮಾತಿನ ಮನುಷ್ಯ. ಹಲ್ಲು ಕಟ್ಟಿಸಿದ ಹೊಸತರಲ್ಲಿ, ನನ್ನ ಬಾಳಿನಲ್ಲಿ ಎರಡೇ ಸೆಟ್ಟು ಎನ್ನುತ್ತಿದ್ದರು: ಒಂದು ಬ್ಯಾಂಡ್ ಸೆಟ್ಟು, ಇನ್ನೊಂದು ಹಲ್ಲಿನ ಸೆಟ್ಟು, ಎರಡನೆಯದು ಬಾಯಿಗೆ ಬರುವ ಹೊತ್ತಿಗೆ ಮೊದಲನೆಯದು ಮಣ್ಣುಪಾಲಾಗಿತ್ತು. ಹೇಳಿ ತಾವೇ ಮೊದಲು ನಗುತ್ತಿದ್ದರು. ಈಗ ಆ ಮಾತು ಹೇಳುವುದಿಲ್ಲ. ಹಲ್ಲಿನ ಸೆಟ್ಟು ಮನೆಯ ಗೂಡಿನಲ್ಲಿ ಸ್ಟೀಲ್ ಲೋಟದ ನೀರಿನೊಳಗೆ ಮುಳುಗಿ ಕೂತಿದೆ. ಸಾಬರು ಬೊಚ್ಚುಬಾಯಲ್ಲೇ ಬೀದಿಗೆ ಬರುತ್ತಾರೆ. ಮಾಡಿಸಿದ ಹಲ್ಲನ್ನು ಹಾಕಿಕೊಳ್ಳದೆ ಬಚ್ಚಿಡುವ ಮನುಷ್ಯನಿಗೆ ಏನಾಗಿರಬೇಕು ಎಂದು ಕೇಳುವವರಿಗೆ ಹೋದ ವರ್ಷದ ಆಷಾಢದಿಂದ ಹೇಳಬೇಕು. ಅದಕ್ಕೂ ಸ್ವಲ್ಪ ಹಿಂದಿನಿಂದ.

ಹದಿನಾರನೇ ವಯಸ್ಸಿಗೆ ಅವರು ಖಲೀಲ್ ಚಾಚಾನ ಬ್ಯಾಂಡಿಗೆ ಸೇರಿದರು. ಹನ್ನೆರಡು ಜನ, ಕೆಂಪು ಕೋಟು, ಹೆಗಲ ಮೇಲೆ ಜರಿ. ಡ್ರಮ್ಮಿಗೆ ಜಗಳೂರಿನ ಹನುಮಂತಪ್ಪ, ಕ್ಲಾರಿನೆಟ್ಟಿಗೆ ದಾವೂದ್. ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲಾದರೂ ಸರಿ, ಇವರಿಬ್ಬರು ಮುಂದೆ ನಡೆಯದೆ ಮದುವಣಿಗ ಕುದುರೆ ಹತ್ತುತ್ತಿರಲಿಲ್ಲವೆಂದು ಸಾಬರು ಹೇಳುತ್ತಾರೆ. ಅದರಲ್ಲಿ ಅರ್ಧ ಕಳೆದರೂ ಉಳಿದದ್ದು ನಿಜ. ಅವರ ಹೆಸರು ನಿಂತದ್ದು ಬಿದಾಯಿ ಧಾಟಿಗೆ. ಮದುಮಗಳು ತವರಿನ ಹೊಸ್ತಿಲು ದಾಟುವಾಗ ಉಳಿದವರೆಲ್ಲ ಸುಮ್ಮನಾಗುತ್ತಿದ್ದರು, ಕ್ಲಾರಿನೆಟ್ ಒಂದೇ ಊದುತ್ತಿತ್ತು. ಅಲ್ಲಿಯವರೆಗೆ ಊಟದ ಎಲೆಗೆ ಜಗಳವಾಡುತ್ತಿದ್ದ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಧಾಟಿಯನ್ನು ಕೇಳದೆ ತವರು ಬಿಟ್ಟ ಹೆಣ್ಣು ಒಬ್ಬಳೇ, ಅವರ ಹೆಂಡತಿ ಸೈದಾಬೀ. ನಲ್ಲೂರಿನಿಂದ ಅವಳನ್ನು ಕರೆತರುವ ದಿನ ಊದಬೇಕಾದವರು ಮುಖಕ್ಕೆ ಹೂವಿನ ತೆರೆ ಇಳಿಬಿಟ್ಟುಕೊಂಡು ಮದುವಣಿಗನಾಗಿ ಕೂತಿದ್ದರು. ಮುಂದೆಯೂ ಯೋಗ ಬರಲಿಲ್ಲ. ಬಾಜಾ ಬೀದಿಯದು, ಮನೆಯೊಳಗೆ ಊದಿದರೆ ಬರ್ಕತ್ ಹೋಗುತ್ತದೆ, ಏಳಿಗೆಯಾಗುವುದಿಲ್ಲ ಎಂದು ಸಾಬರ ತಾಯಿ ಕಟ್ಟಳೆ ಮಾಡಿದ್ದಳು. ಕ್ಲಾರಿನೆಟ್ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿರುತ್ತಿತ್ತು, ಅಭ್ಯಾಸ ಗೋವಿನಕೋವಿ ರಸ್ತೆಯ ನಾಲೆ ಏರಿಯ ಮೇಲೆ. ಮೆರವಣಿಗೆ ದೂರದಲ್ಲಿ ಹೋಗುವಾಗ ಸೈದಾಬೀ ಕಿಟಕಿಗೆ ಕಿವಿಕೊಡುತ್ತಿದ್ದಳು. ಹನ್ನೆರಡು ಜನರ ಗದ್ದಲದಲ್ಲಿ ಗಂಡನ ಉಸಿರು ಯಾವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೂ ಕಟ್ಟಳೆ ಹಾಗೇ ಉಳಿಯಿತು. ಅವಳು ಕೇಳಲಿಲ್ಲ, ಅವರು ಊದಲಿಲ್ಲ. ಕೆಲವು ಸಂಸಾರಗಳು ಹೀಗೇ ನಲವತ್ತು ವರ್ಷ ದಾಟಿಬಿಡುತ್ತವೆ.

ಆಮೇಲೆ ಟೆಂಪೊಗಳ ಮೇಲೆ ಡಿಜೆ ಬಂತು. ಎದೆ ಅದುರಿಸುವ ಆ ಸದ್ದಿನ ಮುಂದೆ ಹನ್ನೆರಡು ಜನರ ಬ್ಯಾಂಡು ಆನೆಯ ಹಿಂದೆ ಹೋದ ಆಡಿನಂತಾಯಿತು. ಕೋಟುಗಳು ಗೋಣಿಚೀಲ ಸೇರಿದವು. ಸಾಬರು ಛತ್ರಿ ಹಿಡಿದರು. ಸಕ್ಕರೆ ಕಾಯಿಲೆ ಒಸಡಿಗೆ ಇಳಿದು ಮೂರು ವರ್ಷದಲ್ಲಿ ಬಾಯಿ ಖಾಲಿ ಮಾಡಿತು. ಮೇಲಿನ ಹಲ್ಲು ಕಚ್ಚಿ ಹಿಡಿಯದೆ ಕ್ಲಾರಿನೆಟ್ ನಿಲ್ಲುವುದಿಲ್ಲ. ಹನುಮಂತಪ್ಪನಿಗೂ ಲಕ್ವ ಹೊಡೆದು, ಡ್ರಮ್ಮು ಬಾರಿಸುತ್ತಿದ್ದ ಬಲಗೈ ಮಡಿಲಲ್ಲಿ ಬಿದ್ದುಕೊಂಡಿತು.

ಹೋದ ವರ್ಷ ಚನ್ನಗಿರಿಯ ಪ್ರವೀಣ್ ಕುಮಾರ್ ಛತ್ರಿ ಅಂಗಡಿಗೆ ಬಂದ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗ, ಕಷ್ಟದಲ್ಲಿರುವ ಕಲಾವಿದರಿಗೆ ನೆರವಾಗುವ ಒಂದು ಟ್ರಸ್ಟಿನಲ್ಲಿ ಓಡಾಡುತ್ತಿದ್ದ. ಕೆಟ್ಟವನಲ್ಲ, ಈ ಕತೆಯಲ್ಲಿ ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ನನಗೂ ಹಗುರವಾಗುತ್ತಿತ್ತು. ಅವನು ಮೊಬೈಲಿನಲ್ಲಿ ವಿಡಿಯೊ ಹಿಡಿದಾಗ ಸಾಬರು ಬಾಯಿ ಅಗಲಿಸಿ, ನೋಡ್ರಿ, ನನ್ನ ಬ್ಯಾಂಡಿನವರು ಒಬ್ಬೊಬ್ಬರೇ ಬಿಟ್ಟು ಹೋದರು ಎಂದು ಒಸಡು ತೋರಿಸಿ ನಕ್ಕಿದ್ದರು.

ಎರಡು ತಿಂಗಳಾದ ಮೇಲೆ ಅವನ ಫೋನು ಬಂತು.

“ನಿಮ್ಮ ಸಹಾಯಾರ್ಥ ಒಂದು ಸಂಗೀತ ಕಾರ್ಯಕ್ರಮ ಇಟ್ಟೀವಿ ಸಾಬ್ರೇ. ಸಮುದ್ರದ ದಂಡ್ಯಾಗೆ. ಮನ್ಯೋರನ್ನೂ ಕರ್ಕೊಂಡು ಬರ್ರಿ.”

“ಬರ್ತೀನಿ. ನಂಗೇನೂ ಬ್ಯಾಡ್ರಿ,” ಎಂದರು ಸಾಬರು.

ಎಡವಟ್ಟಾದದ್ದು ಇಲ್ಲಿ. ಸಹಾಯಾರ್ಥ ಎಂಬ ಮಾತು ಸಾಬರಿಗೆ ಹೊಸದಲ್ಲ. ನಮ್ಮ ಕಡೆ ಶಾಲೆಯ ಮಾಡು ಸೋರಿದರೆ ಸಹಾಯಾರ್ಥ ನಾಟಕ, ಗುಡಿಗೆ ಗಂಟೆ ಬೇಕಾದರೆ ಸಹಾಯಾರ್ಥ ನಾಟಕ. ಅಂಥ ಎಷ್ಟೋ ನಾಟಕಗಳಿಗೆ ಅವರ ಬ್ಯಾಂಡು ಊರು ಸುತ್ತಿ ಜನ ಸೇರಿಸಿತ್ತು. ಸಹಾಯಾರ್ಥ ಎಂದರೆ ಬಾಡಿಗೆ ಕೇಳಬಾರದು, ಪುಕ್ಕಟೆ ಊದಿ ಬರಬೇಕು ಎಂದು ಖಲೀಲ್ ಚಾಚಾ ಕಲಿಸಿದ್ದ. ಆ ಮಾತಿಗೆ ಅವರ ಕಿವಿಯಲ್ಲಿ ಅದೊಂದೇ ಅರ್ಥ. ಹೀಗಾಗಿ ‘ನಿಮ್ಮ ಸಹಾಯಾರ್ಥ’ ಎಂದು ಅವನು ಹೇಳಿದ್ದು ‘ನಿಮ್ಮ ಸಹಾಯ ಬೇಕು’ ಎಂದೇ ಅವರಿಗೆ ಕೇಳಿಸಿತು. ನಂಗೇನೂ ಬ್ಯಾಡ ಎಂದು ಅವರು ಹೇಳಿದ್ದನ್ನು ಅವನು ಬಡವನ ಸ್ವಾಭಿಮಾನವೆಂದುಕೊಂಡ. ಹಲ್ಲಿಲ್ಲದವನನ್ನು ಊದಲು ಯಾರು ಕರೆಯುತ್ತಾರೆ ಎಂದು ಸಾಬರು ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಹಲ್ಲಿಲ್ಲದಿದ್ದರೂ ನಾನೇ ಬೇಕಂತೆ ಎಂದು ಹಿಗ್ಗಿದರು.

ಮಾರನೇ ದಿನವೇ ಶಿವಮೊಗ್ಗಕ್ಕೆ ಹೋಗಿ ಬಾಯಿಯ ಅಳತೆ ಕೊಟ್ಟು ಬಂದರು. ಹಲ್ಲಿನ ಸೆಟ್ಟು ಕೈಗೆ ಬಂದ ದಿನದಿಂದ ನಲವತ್ತು ದಿನ ನಾಲೆ ಏರಿಯ ಮೇಲೆ ಅಭ್ಯಾಸ. ಮೊದಲ ವಾರ ಬರೀ ಗಾಳಿ. ಎರಡನೇ ವಾರ ಒಸಡು ಹುಣ್ಣಾಗಿ ಗಂಜಿ ಕುಡಿದರು. ಮೂವತ್ತನೇ ದಿನ ಬಿದಾಯಿ ಧಾಟಿ ಮೊದಲಿನಿಂದ ಕೊನೆಯವರೆಗೆ ಬಂತು, ಮತ್ತು ಅವರು ಏರಿಯ ಮೇಲೆ ಕೂತು ಅತ್ತರು. ಅಂದು ಮನೆಗೆ ಬಂದು ಸೈದಾಬೀಗೆ ಹೇಳಿದರು: ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ, ನಿನ್ನ ಮದುವೆಯಲ್ಲಿ ಊದದೆ ಬಿಟ್ಟದ್ದನ್ನು ಊದುತ್ತೇನೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದಳು. ಸಂಜೆ ಪೆಟ್ಟಿಗೆಯಿಂದ ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕುವ ಬದಲು ಒಲೆಯ ಕಾವಿಗೆ ಹಿಡಿದಳು, ಏಕೆಂದರೆ ಮಳೆ ಬಿಟ್ಟಿರಲಿಲ್ಲ.

ಆಷಾಢದಲ್ಲಿ ಮದುವೆಯಿಲ್ಲ, ಸಮುದ್ರಕ್ಕೂ ಅದು ಆಷಾಢವೇ. ಹೊನ್ನಾವರದ ಆಚೆಯ ಆ ರೆಸಾರ್ಟಿನಲ್ಲಿ ಜನವಿಲ್ಲದ ಕಾಲವಾದ್ದರಿಂದ ಟ್ರಸ್ಟಿನವರಿಗೆ ಸಭಾಂಗಣ ಸುಲಭವಾಗಿ ಸಿಕ್ಕಿತ್ತು. ಭಾನುವಾರ ಮಧ್ಯಾಹ್ನ ಹಾಡು, ಆಮೇಲೆ ಮೀನಿನೂಟ, ಎರಡಕ್ಕೂ ಸೇರಿ ಟಿಕೆಟ್ಟು. ಸಾಬರು ನಸುಕಿನ ನಮಾಜು ಮುಗಿಸಿ ಹೆಂಡತಿಯೊಂದಿಗೆ ಟ್ರಸ್ಟಿನ ವ್ಯಾನು ಹತ್ತಿದರು. ಹನುಮಂತಪ್ಪನಿಗೆ ಅಷ್ಟು ದೂರ ಕೂರಲಾಗದೆಂದು ಅವನ ಹೆಂಡತಿ ಹೊನ್ನೂರಮ್ಮ ಹಿಂದಿನ ದಿನವೇ ಜಗಳೂರಿನಿಂದ ಬಂದಿದ್ದಳು. ಡ್ರಮ್ಮು ಕಟ್ಟಿಕೊಂಡು ನಿಂತ ಗಂಡನ ಫೋಟೊವನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಟಿಕೆಟ್ಟಿನ ದುಡ್ಡಿನಲ್ಲಿ ಟ್ರಸ್ಟಿನವರು ದಾವಣಗೆರೆಯಲ್ಲಿ ಕೈಗೆ ಚಿಕಿತ್ಸೆ ಕೊಡಿಸುತ್ತಾರಂತೆ, ಕೈ ಮತ್ತೆ ಏಳುತ್ತದಂತೆ ಎಂದು ದಾರಿಯುದ್ದಕ್ಕೂ ಹೇಳಿದಳು. ಹನುಮಂತಪ್ಪನ ಸಹಾಯಾರ್ಥ ಊದುವವನು ತಾನೆಂದುಕೊಂಡಿದ್ದ ಸಾಬರು ಘಟ್ಟ ಇಳಿಯುವಾಗಲೂ ಕ್ಲಾರಿನೆಟ್ ಪೆಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ.

ರೆಸಾರ್ಟಿನ ಬಾಗಿಲಲ್ಲಿ ಆಳೆತ್ತರದ ಬ್ಯಾನರು. ಅದರಲ್ಲಿ ಬಾಯಿ ಅಗಲಿಸಿದ ಅವರದೇ ಚಿತ್ರ, ಒಸಡು ಸಮೇತ. ಪಕ್ಕದಲ್ಲಿ ಹನುಮಂತಪ್ಪ. ಕೆಳಗೆ ದಪ್ಪ ಅಕ್ಷರ: ‘ಇನ್ನೆಂದೂ ನುಡಿಸಲಾರದ ಕಲಾವಿದರ ಸಹಾಯಾರ್ಥ’. ಸಾಬರು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದರು. ಎರಡನೇ ಸಲ ಓದಿದಾಗ ಅರ್ಥವಾಯಿತು.

ಓಡಿ ಬಂದ ಪ್ರವೀಣ್ ಕುಮಾರ್ ಮೊದಲು ಪೆಟ್ಟಿಗೆ ನೋಡಿದ, ಆಮೇಲೆ ಅವರ ಬಾಯಿ ನೋಡಿದ.

“ಹಲ್ಲು ಯಾವಾಗ ಹಾಕ್ಸಿದ್ರಿ ಸಾಬ್ರೇ?”

“ಇದಕ್ಕೇ ಹಾಕ್ಸಿದ್ದು. ಊದಾಕೆ.”

ಅವನು ಅವರನ್ನು ಕಂಬದ ಮರೆಗೆ ಕರೆದುಕೊಂಡು ಹೋದ. ಬೇಡವೆನ್ನುವ ಬಾಯಿ ಅವನಿಗಿರಲಿಲ್ಲ, ಹೂಂ ಎನ್ನುವ ಧೈರ್ಯವೂ ಇರಲಿಲ್ಲ.

“ನಿಮಗೆ ಊದಾಕೆ ಆಗಲ್ಲ ಅಂತ ಹೇಳಿ ಟಿಕೆಟ್ ಮಾರೀವಿ. ಈಗ ಊದಿದ್ರೆ, ಇದು ಸುಳ್ಳು ಅಂತಾರೆ. ಇದು ಸುಳ್ಳಾದ್ರೆ ಹನುಮಂತಪ್ಪನ ಕೈನೂ ಸುಳ್ಳು ಅಂತಾರೆ. ನಾನು ಬ್ಯಾಡ ಅನ್ನಲ್ಲ ಸಾಬ್ರೇ. ನೀವೇ ಹೇಳ್ರಿ, ಹೆಂಗೆ ಮಾಡೋಣ?”

ಸಾಬರು ಸಭಾಂಗಣದ ಒಳಗೆ ನೋಡಿದರು. ಮುಂದಿನ ಸಾಲಿನಲ್ಲಿ ಹಸಿರು ಸೀರೆಯ ಸೈದಾಬೀ ಕೂತಿದ್ದಳು. ಪಕ್ಕದಲ್ಲಿ ಹೊನ್ನೂರಮ್ಮ ಟವೆಲು ಬಿಚ್ಚಿ ಗಂಡನ ಫೋಟೊದ ಗಾಜು ಒರೆಸುತ್ತಿದ್ದಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಹಲ್ಲೂ ಇದ್ದು, ಕಡಲೆಯೂ ಇದ್ದು, ಜಗಿಯುವಂತಿಲ್ಲ ಎಂಬುದಕ್ಕೆ ಗಾದೆ ಮಾಡಿದವರಿಲ್ಲ. ಅವರು ಒಳಗೆ ಹೋಗಿ ಪೆಟ್ಟಿಗೆಯನ್ನು ಹೆಂಡತಿಯ ಕುರ್ಚಿಯ ಕೆಳಗೆ ತಳ್ಳಿ ತುಟಿ ಮುಚ್ಚಿದರು.

ವೇದಿಕೆಗೆ ಕರೆದು ಶಾಲು ಹೊದಿಸಿದರು. ನಿರೂಪಣೆ ಮಾಡುವ ಹುಡುಗಿ, ಈ ತುಟಿಗಳಲ್ಲಿ ಇನ್ನು ನಾದವಿಲ್ಲ ಎಂದಳು. ಜನ ಚಪ್ಪಾಳೆ ತಟ್ಟಿದರು. ನುಡಿಸಲಾರದ್ದಕ್ಕೆ ಅಷ್ಟು ಚಪ್ಪಾಳೆ ಬೀಳುತ್ತದೆಂದು ಸಾಬರಿಗೆ ಗೊತ್ತಿರಲಿಲ್ಲ. ನುಡಿಸುತ್ತಿದ್ದಾಗ ಅದರಲ್ಲಿ ಕಾಲುಪಾಲೂ ಬಿದ್ದಿರಲಿಲ್ಲ. ಮಾತಾಡಿ ಎಂದು ಮೈಕು ಹಿಡಿದರೆ ಕೈಮುಗಿದು ತಲೆಯಾಡಿಸಿದರು. ಬಾಯಿ ಬಿಟ್ಟರೆ ಮೂವತ್ತೆರಡು ಹೊಸ ಹಲ್ಲು ಹೊಳೆಯುತ್ತಿದ್ದವು. ಕೆಳಗೆ ಸೈದಾಬೀ ಏನೂ ತಿಳಿಯದೆ ಅವರ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಪ್ರವೀಣ್ ಕುಮಾರ್ ಅವರ ಗೌರವಕ್ಕೆಂದು ಕೀಬೋರ್ಡಿನಲ್ಲಿ ಕ್ಲಾರಿನೆಟ್ಟಿನ ದನಿ ಇಟ್ಟುಕೊಂಡು ಒಂದು ಬಿದಾಯಿ ಹಾಡು ನುಡಿಸಿದ. ಗುಂಡಿ ಒತ್ತಿದರೆ ಬರುವ ನಾದ, ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಅವನ ಕಣ್ಣಲ್ಲಿ ಮಾತ್ರ ನಿಜವಾಗಿಯೂ ನೀರಿತ್ತು.

ಊಟದ ಕೋಣೆಯ ಗಾಜಿನಾಚೆ ಮಣ್ಣುಬಣ್ಣದ ಸಮುದ್ರ ಮೇಲೆದ್ದು ಬೀಳುತ್ತಿತ್ತು. ಅತಿಥಿಗಳೆಂದು ಇವರಿಗೆ ನಡುವಿನ ಮೇಜು. ತಟ್ಟೆಗೆ ಅಂಜಲ್ ಮೀನು, ರವೆ ಹಚ್ಚಿ ಕರಿದದ್ದು, ಬಂತು. ಸುತ್ತ ಟಿಕೆಟ್ಟಿನವರು, ಅವರು ನೋಡುತ್ತಿರುವಾಗ ಕರುಮುರು ಜಗಿಯುವುದು ಹೇಗೆ? ಸಾಬರು ಕೈಕಟ್ಟಿ ಕೂತರು. ಅಷ್ಟರಲ್ಲಿ ವೇದಿಕೆಯ ಮಾತಿನಿಂದ ಸೈದಾಬೀಗೆ ಎಲ್ಲ ತಿಳಿದಿತ್ತು. ಅವಳು ಅವರ ತಟ್ಟೆ ಎಳೆದುಕೊಂಡು, ಮೀನು ಪಕ್ಕಕ್ಕಿಟ್ಟು, ಅನ್ನವನ್ನು ಸಾರಿನಲ್ಲಿ ಮಗುವಿಗೆ ಕಲಸುವಂತೆ ನುಣ್ಣಗೆ ಕಲಸಿ ಮುಂದಿಟ್ಟಳು. ಅವರು ಹಲ್ಲು ತಾಕಿಸದೆ ನುಂಗಿದರು. ಅದನ್ನು ಕಂಡ ಯಾರೋ ಹೆಂಗಸು ಮರುಗಿ ತನ್ನ ಪಾಯಸವನ್ನೂ ತಂದುಕೊಟ್ಟಳು. ಹೊನ್ನೂರಮ್ಮ ಮಾತ್ರ ಆವತ್ತು ಹೊಟ್ಟೆತುಂಬ ಉಂಡಳು. ದಾವಣಗೆರೆಯ ಚಿಕಿತ್ಸೆ ಖಾತ್ರಿಯಾಗಿತ್ತು.

ಊಟವಾದ ಮೇಲೆ ಗಂಡ ಹೆಂಡತಿ ಮರಳಿಗಿಳಿದರು. ಕೆಂಪು ಬಾವುಟ ನೆಟ್ಟಿದ್ದರು, ನೀರಿನ ಹತ್ತಿರ ಹೋದವರಿಗೆ ಕಾವಲಿನವನು ಸೀಟಿ ಊದುತ್ತಿದ್ದ. ಅವನಿಗಾದರೂ ಊದಲು ಅಡ್ಡಿಯಿರಲಿಲ್ಲ. ಪೆಟ್ಟಿಗೆ ಸಾಬರ ಕಂಕುಳಲ್ಲಿತ್ತು. ಆದರೆ ಟಿಕೆಟ್ಟಿನವರು ಛತ್ರಿ ಹಿಡಿದು ಅಲ್ಲಲ್ಲೇ ಅಡ್ಡಾಡುತ್ತಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಸೈದಾಬೀ ಕೇಳಿದಳು. ಅವರ ಮನೆಮಾತು ಉರ್ದು, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಅಜೀ, ಆ ಹುಡುಗ ಬಾರಿಸಿದ್ನಲ್ಲ, ನಿಮ್ದೂ ಹಂಗೇ ಇತ್ತೇನ್ರಿ?”

ಅಲ್ಲ ಎಂದರೆ ಹೇಗಿತ್ತೆಂದು ಹೇಳಬೇಕಾಗುತ್ತಿತ್ತು. ಅದನ್ನು ಬಾಯಲ್ಲಿ ಹೇಳುವುದಕ್ಕೆ ಬರುವುದಿಲ್ಲ.

“ಹಂಗೇ ಇತ್ತು,” ಎಂದರು ಸಾಬರು. ಅವತ್ತಿನ ಸುಳ್ಳುಗಳಲ್ಲೆಲ್ಲ ಅವರ ಎದೆ ಸುಟ್ಟದ್ದು ಇದೊಂದೇ.

ಊರಿಗೆ ಬರುವ ಮೊದಲೇ ವಿಡಿಯೊ ಊರು ಮುಟ್ಟಿತ್ತು. ಮಸೀದಿಯ ಮುಂದೆ, ಹೋಟೆಲಿನಲ್ಲಿ, ಛತ್ರಿ ಅಂಗಡಿಯಲ್ಲಿ ಜನ ಮೊಬೈಲು ತೋರಿಸಿ ಮರುಗಿದರು. ಸಾಬರು ಇನ್ನು ಊದಲಾರರೆಂದು ಇಡೀ ತಾಲ್ಲೂಕಿಗೆ ತಿಳಿದ ಮೇಲೆ ನಾಲೆ ಏರಿಗೆ ಹೋಗುವುದೆಲ್ಲಿ ಬಂತು? ಮೊದಲಾದರೆ ಕೇಳಿದವರು ಮರೆತುಬಿಡುತ್ತಿದ್ದರು, ಈಗ ಗದ್ದೆ ಕೆಲಸದ ಒಬ್ಬರ ಕಿವಿಗೆ ಬಿದ್ದರೂ ಸಾಕು, ಸಂಜೆಯೊಳಗೆ ಜಗಳೂರು ಮುಟ್ಟುತ್ತದೆ, ಚಿಕಿತ್ಸೆಯ ದುಡ್ಡು ನಿಲ್ಲುತ್ತದೆ. ಹನುಮಂತಪ್ಪನ ಬೆರಳು ಆಗಷ್ಟೇ ಅಲುಗತೊಡಗಿತ್ತು.

ಒಂದು ಶುಕ್ರವಾರ ಸಾಬರು ಜುಮ್ಮಾ ಮುಗಿಸಿ ಮನೆಗೆ ಬಂದಾಗ ಕ್ಲಾರಿನೆಟ್ ಮೊಳೆಯ ಮೇಲಿರಲಿಲ್ಲ. ಚಾಪೆಯ ಮೇಲಿತ್ತು. ಪಕ್ಕದಲ್ಲಿ ಹಲ್ಲಿನ ಲೋಟ. ಸೈದಾಬೀ ಬಾಗಿಲಿಗೆ ಚಿಲಕ ಹಾಕಿ, ಕಿಟಕಿ ಮುಚ್ಚಿ, ಎದುರಿಗೆ ಕೂತಳು.

“ಊದ್ರಿ. ಬರ್ಕತ್ ಹೋದ್ರೆ ಹೋಗ್ಲಿ.”

“ಗೋಡೆ ಆಚೆ ಕೇಳ್ತೈತೆ.”

“ಹಂಗಾರೆ ಸಪ್ಪಳ ಮಾಡಬ್ಯಾಡ್ರಿ. ಊದ್ರಿ.”

ಸಾಬರು ಹಲ್ಲು ಹಾಕಿಕೊಂಡರು. ಕ್ಲಾರಿನೆಟ್ ತುಟಿಗಿಟ್ಟು ಕಣ್ಣು ಮುಚ್ಚಿದರು. ಉಸಿರು ಬಿಡದೆ, ಬೆರಳಿನಲ್ಲೇ, ಬಿದಾಯಿ ಧಾಟಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಕೀಲಿಗಳು ಟಿಕ್ ಟಿಕ್ ಎಂದವು, ಒಮ್ಮೊಮ್ಮೆ ಬೇಗ, ಒಮ್ಮೊಮ್ಮೆ ತಡೆದು. ನಲವತ್ತು ವರ್ಷದ ಸಂಸಾರದಲ್ಲಿ ಸೈದಾಬೀ ಗಂಡನ ವಾದ್ಯದಿಂದ ಕೇಳಿದ್ದು ಅಷ್ಟನ್ನೇ. ನಡುವೆ ಎಲ್ಲೋ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು, ತವರಿನ ಹೊಸ್ತಿಲಲ್ಲಿ ಮದುಮಗಳು ಎಳೆದುಕೊಳ್ಳುವ ಹಾಗೆ, ಮತ್ತು ಬಿಕ್ಕದೆ ಅತ್ತಳು, ಏಕೆಂದರೆ ಗೋಡೆಯಾಚೆ ಕೇಳುತ್ತಿತ್ತು.

ಬೆರಳು ನಿಂತ ಮೇಲೆ ಅವಳು ಸೆರಗಿನೊಳಗಿಂದಲೇ, “ಮುಗೀತಾ?” ಎಂದಳು.

“ಮುಗೀತು,” ಎಂದು ಸಾಬರು ಹಲ್ಲು ತೆಗೆದು ಲೋಟಕ್ಕೆ ಹಾಕಿದರು. ಹೊರಗೆ ಮಳೆ ಹಿಡಿದಿತ್ತು. ಛತ್ರಿ ಮುರಿದವರು ಕಾಯುತ್ತಿರುತ್ತಾರೆಂದು ಎದ್ದು ಹೋದರು.