ತಮ್ಮ ಆಡಬೇಕಿದ್ದ ಜಾಗ

ತಮ್ಮನ ಪರವಾಗಿ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮನಿದ್ದಿದ್ದರೂ ನಡೆಯುತ್ತಿತ್ತೇನೋ, ಅದರ ಉಲ್ಟಾ ಹೇಳಿಬಿಟ್ಟೆ.

ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ. ಅಪ್ಪ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಅರಳೆ ಕಾರ್ಖಾನೆಯೊಂದರಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದೆ. ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಓಣಿಯ ಫುಟ್‌ಬಾಲ್ ತಂಡದಲ್ಲಿ ಅವನು ಸೆಂಟರ್ ಹಾಫ್. ಮೈದಾನದ ನಟ್ಟನಡುವೆ ನಿಂತು, ಹಿಂದಿನವರು ಬಿಡಿಸಿಕೊಟ್ಟ ಚೆಂಡನ್ನು ಮುಂದಿನವರಿಗೆ ಮುಟ್ಟಿಸುವ ಕೆಲಸ. ಎಲ್ಲರಂತೆ ಬರಿಗಾಲು, ಕಣಕಾಲಿಗೆ ಹಳೇ ಧೋತರದ ಪಟ್ಟಿ.

ಮೊದಮೊದಲು ಅವನನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಒಂದು ಸಲ ಜ್ವರ ಬಂದು ಮಲಗಿದ. ತಂಡ ಐದು ಗೋಲು ತಿಂದು ಬಂತು. ಆಗ ಎಲ್ಲರ ಕಣ್ಣು ತೆರೆಯಿತು. ಅಲ್ಲಿಂದ ಕ್ಷೌರದಂಗಡಿಯಲ್ಲಿ ದಿನವೂ ಅವನನ್ನು ಎಲ್ಲಿ ಆಡಿಸಬೇಕೆಂಬುದೇ ಜಗಳ.

"ಅಂವನ್ನ ಮುಂದ ಹಾಕ್ರಿ. ಮಂದೀಗೆ ಬಡಸೂದ ಆತು, ತಾ ಉಣ್ಣೂದು ಯಾವಾಗ?" ಎನ್ನುತ್ತಿದ್ದ ಟಾಂಗಾ ಹೊಡೆಯುವ ಕಾಕಾ.

ಕ್ಷೌರದ ಮಾಮಾ ಗಿರಾಕಿಯ ಗಲ್ಲದ ಮೇಲೆಯೇ ಕತ್ತಿ ನಿಲ್ಲಿಸುತ್ತಿದ್ದ. "ನಿನ್ನ ಕುದರೀನ ಟಾಂಗಾದಾಗ ಕುಂಡ್ರಿಸಿ ನೀನ ಎಳೀತಿ ಏನಪಾ? ಅಂವ ನಡುವ ಇದ್ರನ ಉಳದವ್ರು ಓಡ್ತಾರ."

"ಮೊದ್ಲ ನನ್ನ ಗಡ್ಡಾ ಮುಗಸೋ ಮಾರಾಯಾ," ಎಂದು ಗಿರಾಕಿ.

ತಮ್ಮನ ಮನಸ್ಸು ನನಗೆ ಗೊತ್ತಿತ್ತು. ಒಂದು ಸಂಜೆ ಬಚ್ಚಲಲ್ಲಿ ಕಾಲು ತೊಳೆಯುತ್ತ ಹೇಳಿದ್ದ: "ಅಣ್ಣಾ, ನಡುವ ನಿಂತ್ರ ನನಗ ಎಲ್ಲಾರೂ ಕಾಣ್ತಾರ. ಯಾರು ಎಲ್ಲಿ ಓಡ್ತಾರಂತ ಮೊದ್ಲ ತಿಳೀತೈತಿ. ಮುಂದ ಹೋದ್ರ ಗೋಲಿನ ಕಂಬ ಅಷ್ಟ. ಯಾರರ ಕೇಳಿದ್ರ ನೀ ಹಿಂಗ ಹೇಳು."

ನೀ ಹೇಳು ಎಂದದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಅಣ್ಣನಿದ್ದ ಕಡೆ ತಮ್ಮ ಬಾಯಿ ತೆರೆಯುವುದಿಲ್ಲ. ಮದುವೆಯಿರಲಿ, ನೌಕರಿಯಿರಲಿ, ಅವನ ಮಾತನ್ನು ನಾನೇ ಆಡಬೇಕು.

ಆದರೆ ಅಷ್ಟರಲ್ಲಿ ಒಂದು ಘಟನೆ ನಡೆದಿತ್ತು. ಒಂದು ಆಟದಲ್ಲಿ ತಮ್ಮ ನಡುವಿನಿಂದಲೇ ಹೊಡೆದ ಚೆಂಡು ಹೇಗೋ ಗೋಲಿಗೆ ಹೋಯಿತು. ಜನ ಅವನ ಜೊತೆ ನನ್ನನ್ನೂ ಎತ್ತಿ ಕುಣಿಸಿದರು. ಮರುದಿನ ಕಾರ್ಖಾನೆಯ ಕೂಲಿಗಳ ಮೇಲಿನ ಮುಕಾದಮ, ಎಂದೂ ನನ್ನ ಮುಖ ನೋಡದವನು, "ಗೋಲ್ ಹೊಡದಾವನ ಅಣ್ಣ ಅಲ್ಲೇನು ನೀ?" ಎಂದು ತನ್ನ ಚಾದಲ್ಲಿ ಅರ್ಧ ಬಸಿಗೆ ಸುರಿದು ಕೊಟ್ಟ. ಆ ಅರ್ಧ ಬಸಿ ಚಾ ನನ್ನ ತಲೆ ಕೆಡಿಸಿತು.

ಬೆಳಗಾವಿಯ ಸಿಪಾಯಿಗಳ ತಂಡದ ಜೊತೆ ಆಟ ಗೊತ್ತಾಯಿತು. ನಮ್ಮ ತಂಡ ನಡೆಸುತ್ತಿದ್ದ ಮಾಸ್ತರರು ಕ್ಷೌರದಂಗಡಿಗೇ ಬಂದರು. ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ರೀತಿ ಬಲ್ಲವರು, ನನ್ನನ್ನೇ ಕೇಳಿದರು: "ಏನಂತೀರಿ? ನಿಮ್ಮ ತಮ್ಮನ್ನ ನಡುವ ಇಡೂಣೋ, ಮುಂದ ಹಾಕೂಣೋ?"

"ಮುಂದ ಹಾಕ್ರಿ ಮಾಸ್ತರ. ಅಂವಗೂ ಅದ ಬೇಕಾಗೇತಿ," ಎಂದೆ.

ತಮ್ಮ ನೆಲ ನೋಡಿದ.

ಸಿಪಾಯಿಗಳು ಬೂಟು ಹಾಕಿಕೊಂಡು ಬಂದಿದ್ದರು. ನಮ್ಮ ನಡುವಿನ ಜಾಗ ತೆರೆದ ಬಾಗಿಲಾಗಿತ್ತು. ಅಲ್ಲಿಂದಲೇ ನುಗ್ಗಿ ನುಗ್ಗಿ ಗೋಲು ಹೊಡೆದರು. ಮುಂದೆ ನಿಂತ ತಮ್ಮನಿಗೆ ಚೆಂಡೇ ಬರಲಿಲ್ಲ. ತಡೆಯಲಾರದೆ ಎರಡು ಸಲ ಅವನೇ ಹಿಂದೆ ಓಡಿ ಬಂದ. ಮಾಸ್ತರರು ಚೀರಿ ಮುಂದೆ ಅಟ್ಟಿದರು. ಗೆರೆಯಾಚೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ, ಅವರ ಮೇಲೋ ನನ್ನ ಮೇಲೋ ತಿಳಿಯದೆ. ಓಡಿ ಹೋಗಿ ಅವರ ತೋಳು ಹಿಡಿದು ಹೇಳಬಹುದಿತ್ತು. ಹೋಗಲಿಲ್ಲ.

"ಗಿಡಧಾಂಗ ನಿಂತಾನ ನೋಡ್ರಿ!" ಎಂದು ಮೊದಲು ಕೂಗಿದವನು ಅದೇ ಟಾಂಗಾ ಕಾಕಾ. "ಅಂವಗ ಮುಂದ ಆಡೂ ಹುಚ್ಚು. ಅಣ್ಣನ ಹೇಳ್ಯಾನಲ್ಲ!"

ಮುಂದಿನ ಆಟಕ್ಕೆ ತಮ್ಮನನ್ನು ಕರೆಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವನು ಯಾರನ್ನೂ ದೂರಲಿಲ್ಲ, ನನ್ನನ್ನು ಸಹ. ಕೆಲವು ತಿಂಗಳಾದ ಮೇಲೆ ಗರಗ ಎಂಬ ಹಳ್ಳಿಗೆ ಹೋಗಿ ಖಾದಿ ನೇಯುವ ಮಗ್ಗಕ್ಕೆ ಕೂತ. ಊರಿಗೆ ಬಂದಾಗ ಮಾತಾಡುತ್ತಿದ್ದ, ಊಟ ಮಾಡುತ್ತಿದ್ದ. ಫುಟ್‌ಬಾಲ್ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ನಾಲ್ಕು ವರ್ಷವಾದರೂ ಕ್ಷೌರದಂಗಡಿಯ ಜಗಳ ಮುಗಿದಿರಲಿಲ್ಲ. ಒಂದು ದಿನ ನನ್ನ ಗಡ್ಡಕ್ಕೆ ಸಾಬೂನು ಹಚ್ಚುತ್ತ ಮಾಮಾ ಅಂದ: "ಎಂಥಾ ಆಟಗಾರ! ತನ್ನ ಆಸೇಕ ತಾನ ಕೆಟ್ಟ." ನನಗೆ ಕೂತಿರಲಾಗಲಿಲ್ಲ. "ಅಂವ ಅಲ್ಲ ಮಾಮಾ, ನಾ ಕೆಡಿಸಿದ್ದು," ಎಂದು ಸಾಬೂನಿನ ಗಡ್ಡದಲ್ಲೇ ಎದ್ದು ಬಂದೆ.

ಆ ರವಿವಾರ ಗರಗಕ್ಕೆ ಹೋದೆ. ತಮ್ಮ ಮಗ್ಗದಲ್ಲಿದ್ದ, ಅತ್ತಿತ್ತ ಇನ್ನೂ ನಾಲ್ಕು ಜನ ನೇಕಾರರು. "ಬಾ ಅಣ್ಣಾ, ಹೊರಗ ಹೋಗಿ ಮಾತಾಡೂಣು," ಎಂದ. ಬೇಡವೆಂದೆ. ಅಂದು ಸುಳ್ಳು ಹೇಳಿದ್ದು ನಾಲ್ಕು ಜನರ ಮುಂದೆ, ಒಪ್ಪಿಕೊಳ್ಳುವುದೂ ಹಾಗೆಯೇ ಆಗಬೇಕು. ಮಗ್ಗಗಳ ಸದ್ದಿನ ಮೇಲೆ ಕೇಳಲೆಂದು ದನಿ ಎತ್ತಿಯೇ ಹೇಳಿದೆ:

"ನೀ ಬ್ಯಾಡ ಅಂದದ್ದು ಗೊತ್ತಿದ್ದೂ ಮುಂದ ಹಾಕ್ರಿ ಅಂದೆ. ಮಂದಿ ನಿನ್ನ ಬೈಯೂವಾಗ ಬಾಯಿ ಮುಚಗೊಂಡು ನಿಂತೆ. ತಪ್ಪು ನಂದು, ತಮ್ಮಾ. ನನ್ನ ಮಾಫ್ ಮಾಡು."